ಪೋಸ್ಟರನ್ನು ಬಾಯಲ್ಲಿ ಹೇಳಿ ನೋಡಿ



ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ಎಷ್ಟೋ ಮನೆಗಳಲ್ಲಿ ಈಗ ಮಗನೋ ಮಗಳೋ ಆರೋಗ್ಯಕ್ಕೆ ಸಂಬಂಧಪಟ್ಟ ಓದಿನಲ್ಲಿದ್ದಾರೆ. ಒಬ್ಬಳು ಶಿವಮೊಗ್ಗದಲ್ಲಿ ಎಂಬಿಬಿಎಸ್. ಇನ್ನೊಬ್ಬ ಮಣಿಪಾಲದಲ್ಲಿ ಫಿಸಿಯೋಥೆರಪಿ. ಮತ್ತೊಬ್ಬಳು ಮಂಗಳೂರಿನಲ್ಲಿ ನರ್ಸಿಂಗ್. ಈ ಮಕ್ಕಳು ಒಂದಲ್ಲ ಒಂದು ದಿನ ಮನೆಗೆ ಫೋನ್ ಮಾಡಿ, "ಅಮ್ಮಾ, ಯೂನಿವರ್ಸಿಟಿಯಲ್ಲಿ ನಂದೊಂದು ಪೋಸ್ಟರ್ ಇದೆ" ಅನ್ನುತ್ತಾರೆ. "ಎಂಥ ಪೋಸ್ಟರೇ ಮಾರಾಯ್ತಿ? ಎಲೆಕ್ಷನ್‌ಗೆ ನಿಂತಿದೀಯಾ?" ಅಂತ ಅತ್ತ ಕಡೆಯಿಂದ ಬರುತ್ತದೆ. ಈ ಹೊತ್ತಿನ ಮಾತು ಆ ಪೋಸ್ಟರಿನ ಬಗ್ಗೆ. ಮಕ್ಕಳೂ ಕೇಳಲಿ, ಮನೆಯವರೂ ಕೇಳಲಿ.

ಅದು ಏನು ಅಂತ ಮೊದಲು ಹೇಳಿಬಿಡುತ್ತೇನೆ. ಒಂದು ದೊಡ್ಡ ಹಾಲ್. ಸಾಲಾಗಿ ನಿಲ್ಲಿಸಿದ ಬೋರ್ಡುಗಳು. ಒಂದೊಂದು ಬೋರ್ಡಿಗೂ ಒಂದೊಂದು ಹಾಳೆ, ಸುಮಾರು ಮೂರು ಅಡಿ ಅಗಲ, ನಾಲ್ಕು ಅಡಿ ಎತ್ತರ. ವಿದ್ಯಾರ್ಥಿ ತಾನು ಮಾಡಿದ ಸಣ್ಣ ಸಂಶೋಧನೆಯನ್ನು ಅದರ ಮೇಲೆ ಇಟ್ಟಿರುತ್ತಾನೆ. ಏನು ಕೇಳಿದೆ, ಹೇಗೆ ಹುಡುಕಿದೆ, ಏನು ಸಿಕ್ಕಿತು. ಪಕ್ಕದಲ್ಲಿ ತಾನೇ ನಿಂತಿರುತ್ತಾನೆ. ಕೊರಳಲ್ಲಿ ಬ್ಯಾಡ್ಜ್, ಮೈಮೇಲೆ ಇಸ್ತ್ರಿ ಮಾಡಿದ ಬಿಳಿ ಕೋಟು. ತೀರ್ಪುಗಾರರು ಬರುತ್ತಾರೆ. ಮೂರು ನಿಮಿಷವೋ ಐದು ನಿಮಿಷವೋ ನಿಲ್ಲುತ್ತಾರೆ. ಎರಡು ಪ್ರಶ್ನೆ ಕೇಳಿ ಮುಂದಿನ ಬೋರ್ಡಿಗೆ ಹೋಗುತ್ತಾರೆ. ವಿಜ್ಞಾನದ ಸಮ್ಮೇಳನಗಳಲ್ಲಿ ಈ ಪದ್ಧತಿ ಬೇರೂರಿದ್ದು 1970ರ ದಶಕದಿಂದ ಈಚೆಗೆ. ವೇದಿಕೆ ಒಂದೇ, ಹೇಳುವವರು ನೂರಾರು. ಎಲ್ಲರನ್ನೂ ಗೋಡೆ ಬದಿಗೆ ನಿಲ್ಲಿಸಿದರೆ ಎಲ್ಲರಿಗೂ ಸರದಿ ಸಿಗುತ್ತದೆ. ಲೆಕ್ಕ ಅಷ್ಟೇ.

ನಮ್ಮ ದೇಶದಲ್ಲಿ ಓದುವ ಮಕ್ಕಳ ಕೈಗೆ ಸಂಶೋಧನೆ ಕೊಡುವ ಕೆಲಸ ಹೊಸದಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, 1979ರಲ್ಲೇ ಎಂಬಿಬಿಎಸ್ ಮಕ್ಕಳಿಗಾಗಿ ಎರಡು ತಿಂಗಳ ಸಂಶೋಧನಾ ವಿದ್ಯಾರ್ಥಿವೇತನ ಶುರು ಮಾಡಿತು. ಆ ಎರಡು ತಿಂಗಳ ಕೆಲಸ ಎಷ್ಟೋ ಸಲ ಬೋರ್ಡಿಗೆ ಏರಿದೆ.

ನನಗೆ ಇಲ್ಲೊಂದು ತೊಡಕಿದೆ. ಬಾನುಲಿಯಲ್ಲಿ ಪೋಸ್ಟರ್ ತೋರಿಸಲು ಬರುವುದಿಲ್ಲ. ಬಣ್ಣ ಇಲ್ಲ, ನಕ್ಷೆ ಇಲ್ಲ, ಚಿತ್ರ ಇಲ್ಲ. ಬಾಯಿ ಮಾತು ಮಾತ್ರ. ಆದರೆ ಪೋಸ್ಟರಿಗೆ ಅಂಕ ಹಾಕುವ ಕಡೆ ಕೂತು ಬಂದವನಾಗಿ ನನಗೆ ಅನಿಸುವುದು ಇದು: ಬಾಯಲ್ಲಿ ಹೇಳಲು ಬಾರದ ಪೋಸ್ಟರ್ ಇನ್ನೂ ಮುಗಿದಿಲ್ಲ. ಮುದ್ರಣಕ್ಕೆ ಕೊಡುವ ಮೊದಲು ಊರಿಗೆ ಫೋನ್ ಮಾಡಿ. ಪೋಸ್ಟರ್ ಕಾಣದ ಅಮ್ಮನಿಗೆ, ಇಲ್ಲವೇ ಚಿಕ್ಕಪ್ಪನಿಗೆ, ಮೂರು ನಿಮಿಷದಲ್ಲಿ ಅದನ್ನು ಹೇಳಿ. ಅವರು ಎಲ್ಲಿ "ಹಾಂ?" ಅನ್ನುತ್ತಾರೋ ಅಲ್ಲಿ ಗುರುತು ಹಾಕಿಕೊಳ್ಳಿ. ಅಲ್ಲಿ ಕೆಲಸ ಬಾಕಿ ಇದೆ.

ಪೋಸ್ಟರ್ ಅಂದರೇನು ಅಂತಾಯಿತು. ಬಾಯಲ್ಲಿ ಹೇಳಲು ಬರಬೇಕು ಅಂತಲೂ ಆಯಿತು. ಹಾಗೆ ಹೇಳಬೇಕಾದರೆ ಒಳಗೆ ಒಂದೇ ಪ್ರಶ್ನೆ ಇರಬೇಕು. ಇದಕ್ಕೆ ನಮ್ಮ ಸೀಮೆಯದೇ ಕಾಯಿಲೆಯನ್ನು ತೆಗೆದುಕೊಳ್ಳೋಣ. ಮಂಗನ ಕಾಯಿಲೆ.

1957ರ ಮಾರ್ಚ್. ಸಾಗರದ ಪಕ್ಕದ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳುತ್ತಿವೆ, ಸುತ್ತಲ ಹಳ್ಳಿಗಳಲ್ಲಿ ಜನ ಜ್ವರ ಬಂದು ಮಲಗಿದ್ದಾರೆ ಅನ್ನುವ ಸುದ್ದಿ ಪುಣೆಯ ವೈರಸ್ ಸಂಶೋಧನಾ ಕೇಂದ್ರಕ್ಕೆ ಮುಟ್ಟಿತು. ಬಂದ ತಜ್ಞರ ಮನಸ್ಸಿನಲ್ಲಿ ಮೊದಲು ಎದ್ದದ್ದು ಹಳದಿ ಜ್ವರದ ಅನುಮಾನ. ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಮಂಗ, ಮನುಷ್ಯ ಇಬ್ಬರನ್ನೂ ಕೊಲ್ಲುವ ಕಾಯಿಲೆ ಅದು. ಏಷ್ಯಾಕ್ಕೆ ಅದು ಕಾಲಿಟ್ಟಿರಲಿಲ್ಲ. ಈಗ ಇಟ್ಟುಬಿಟ್ಟಿತೇ ಅನ್ನುವ ದಿಗಿಲು. ವೈರಸ್ಸನ್ನು ಬೇರ್ಪಡಿಸಿ ನೋಡಿದಾಗ ಅದು ಹಳದಿ ಜ್ವರದ್ದಲ್ಲ. ರಷ್ಯಾದ ಕಾಡುಗಳಲ್ಲಿ ಉಣುಗಿನಿಂದ ಹರಡುವ ಮಿದುಳು ಜ್ವರದ ವೈರಸ್ಸಿಗೆ ಅದು ದಾಯಾದಿ. ಸೊಳ್ಳೆಯ ಅನುಮಾನ ಇಟ್ಟುಕೊಂಡು ಬಂದವರು ಉಣುಗಿನ ಬೆನ್ನು ಹತ್ತಿದರು.

ಆಮೇಲಿನ ಪ್ರಶ್ನೆ ಇನ್ನೂ ಸ್ವಾರಸ್ಯದ್ದು. ಉಣುಗು ಕಾಡಿನಲ್ಲಿ ಹಿಂದಿನಿಂದಲೂ ಇತ್ತು. ಕಾಯಿಲೆ ಈಗ ಯಾಕೆ ಎದ್ದಿತು? ಕೊಲಂಬಿಯಾ ದೇಶದಲ್ಲಿ ಹಳದಿ ಜ್ವರದ ಮೇಲೆ ಕೆಲಸ ಮಾಡಿದ್ದ ಹೋರ್ಹೆ ಬೋಶೆಲ್ ಎಂಬ ವಿಜ್ಞಾನಿ ನಮ್ಮ ಸಾಗರ, ಸೊರಬದ ಕಾಡುಗಳಲ್ಲಿ ಕೆಲಸ ಮಾಡಿ 1969ರಲ್ಲಿ ಇದಕ್ಕೊಂದು ಉತ್ತರ ಬರೆದರು. ಕಾಡು ಕಡಿದು ಸಾಗುವಳಿ ಮಾಡಿದರು. ದನ ಕಾಡಂಚಿಗೆ ಮೇಯಲು ಹೋದವು. ಬಲಿತ ಉಣುಗಿಗೆ ದನದ ರಕ್ತ ಸಿಕ್ಕಿತು, ಅದು ಮೊಟ್ಟೆಯಿಟ್ಟು ಹೆಚ್ಚಿತು. ಈಚಿನ ವರ್ಷಗಳ ಅಧ್ಯಯನಗಳೂ ಕಾಡು, ತೋಟ, ಗದ್ದೆ ಕಲೆತುಕೊಂಡಿರುವ ಕಡೆಗೇ ಬೆರಳು ತೋರಿಸಿವೆ. ಅಂದರೆ ನಮ್ಮ ಮನೆ ಹಿತ್ತಿಲಿಗೆ.

ನೋಡಿ, ಇಷ್ಟು ಹೊತ್ತು ನಾನು ಚಿತ್ರವಿಲ್ಲದೆ ಹೇಳಿದೆ. ನಿಮಗೆ ತಿಳಿಯಿತು. ಯಾಕೆಂದರೆ ಒಂದೊಂದು ಹಂತದಲ್ಲೂ ಒಂದೊಂದೇ ಪ್ರಶ್ನೆ ಇತ್ತು. ಯಾವ ವೈರಸ್? ಯಾವ ಹುಳ? ಈಗ ಯಾಕೆ?

ಇದರ ಪಕ್ಕದಲ್ಲಿ ನಮ್ಮ ಮಕ್ಕಳ ಪೋಸ್ಟರಿನ ಶೀರ್ಷಿಕೆ ಇಟ್ಟು ನೋಡಿ. "ಸಾಗರ ತಾಲೂಕಿನಲ್ಲಿ ಮಂಗನ ಕಾಯಿಲೆ: ಒಂದು ಅಧ್ಯಯನ." ಇದರಲ್ಲಿ ಪ್ರಶ್ನೆ ಎಲ್ಲಿದೆ? 2018ರ ಕೊನೆಗೆ, 2019ರ ಮೊದಲಿಗೆ ಸಾಗರ ತಾಲೂಕಿನ ಅರಳಗೋಡು ಸುತ್ತಮುತ್ತ ಈ ಕಾಯಿಲೆ ಹೇಗೆ ಎರಗಿತು ಅನ್ನುವುದು ನಮಗೆಲ್ಲ ನೆನಪಿದೆ. ನೂರಾರು ಜನ ಮಲಗಿದರು. ಹಲವರು ತೀರಿಕೊಂಡರು. ಆ ಊರಿಗೆ ಹೋಗುವ ವಿದ್ಯಾರ್ಥಿ "ಒಂದು ಅಧ್ಯಯನ" ಹಿಡಿದುಕೊಂಡು ಹೋಗಬಾರದು. ಆರೋಗ್ಯ ಇಲಾಖೆಯವರು ಮೈಗೆ ಹಚ್ಚಿಕೊಳ್ಳಲು ಉಣುಗು ನಿವಾರಕ ಎಣ್ಣೆ ಕೊಡುತ್ತಾರೆ. ಮೊದಲು ಡಿಎಂಪಿ, ಈಗ ಡೆಪಾ. ಬಾಟಲಿ ಸಿಕ್ಕಿದ ಮನೆಗಳಲ್ಲಿ ಎಷ್ಟು ಜನ ಅದನ್ನು ನಿಜವಾಗಿ ಹಚ್ಚಿಕೊಂಡು ಹೊರಟರು? ಹಚ್ಚದವರು ಯಾಕೆ ಹಚ್ಚಲಿಲ್ಲ? ಇದು ಪ್ರಶ್ನೆ. ಎರಡು ತಿಂಗಳಲ್ಲಿ ಉತ್ತರ ಹುಡುಕಬಹುದು. ಮೂರು ನಿಮಿಷದಲ್ಲಿ ಹೇಳಲೂಬಹುದು.

ಒಂದೇ ಪ್ರಶ್ನೆ ಅಂತಾಯಿತು. ಆ ಪ್ರಶ್ನೆಯನ್ನು ಜನರ ಹತ್ತಿರ ಕೇಳುವುದು ಹೇಗೆ? ಇಲ್ಲಿ ನಾನು ಸ್ವಲ್ಪ ನಿಲ್ಲುತ್ತೇನೆ. ಪೋಸ್ಟರಿನ ಅರ್ಧ ಹಣೆಬರಹ ತೀರ್ಮಾನವಾಗುವುದು ಇಲ್ಲೇ.

ತೀರ್ಥಹಳ್ಳಿ ಕಡೆಯ ಒಬ್ಬ ಹುಡುಗಿ ಪ್ರಶ್ನಾವಳಿ ಹಿಡಿದು ಒಂದು ಮನೆಯ ಜಗಲಿ ಹತ್ತಿದಳು ಅಂತ ಇಟ್ಟುಕೊಳ್ಳಿ. ಪ್ರಶ್ನಾವಳಿ ಇಂಗ್ಲಿಷಿನಲ್ಲಿ ಹುಟ್ಟಿ ಕನ್ನಡಕ್ಕೆ ಬಂದದ್ದು. "ನೀವು ಅರಣ್ಯಕ್ಕೆ ಹೋಗುತ್ತೀರಾ?" ಮನೆಯಾಕೆ "ಇಲ್ಲಪ್ಪ" ಅನ್ನುತ್ತಾಳೆ. ಹುಡುಗಿ ಸೊನ್ನೆ ಹಾಕುತ್ತಾಳೆ. ಅದೇ ಹೊತ್ತಿಗೆ ಅಂಗಳದ ಮೂಲೆಯಲ್ಲಿ ಕಲ್ಲಿಯ ತುಂಬ ದರಗು ಬಿದ್ದಿದೆ. ಕೊಟ್ಟಿಗೆಗೆ ಹಾಸಲು ಬೆಳಗ್ಗೆ ತಾನೇ ಸೊಪ್ಪಿನ ಬೆಟ್ಟದಲ್ಲಿ ಗುಡಿಸಿ ಹೊತ್ತು ತಂದದ್ದು. ಆಕೆ ಸುಳ್ಳು ಹೇಳಲಿಲ್ಲ. ಸೊಪ್ಪಿನ ಬೆಟ್ಟ ಆಕೆಗೆ ಕಾಡಲ್ಲ, ತೋಟದ ಭಾಗ. ಹುಡುಗಿ ಕೇಳಬೇಕಾಗಿದ್ದದ್ದು, "ಅತ್ತೆ, ಈ ದರಗು ಎಲ್ಲಿಂದ ತಂದ್ರಿ? ಯಾರು ಯಾರು ಹೋಗಿದ್ರಿ? ಹೋಗುವಾಗ ಕೈಕಾಲಿಗೆ ಏನಾದ್ರೂ ಹಚ್ಚಿಕೊಂಡಿದ್ರಾ?" ಅಂತ.

ಉಣುಗಿನ ಮರಿ ಇರುವುದು ಆ ಒಣ ಎಲೆಯಲ್ಲೇ. ಮಳೆ ನಿಂತ ಮೇಲೆ, ನವೆಂಬರ್, ಡಿಸೆಂಬರಿನಿಂದ ಅದು ಎದ್ದು ಬರುತ್ತದೆ. ಎಳ್ಳು ಕಾಳಿಗಿಂತಲೂ ಚಿಕ್ಕದು. ಕಚ್ಚಿದ್ದು ಎಷ್ಟೋ ಸಲ ಗೊತ್ತೇ ಆಗುವುದಿಲ್ಲ. ಸಂಶೋಧಕರು ಅದನ್ನು ಹಿಡಿಯುವ ಬಗೆ ಕೇಳಿದರೆ ನಿಮಗೆ ಅಚ್ಚರಿಯಾದೀತು. ದೊಡ್ಡ ಯಂತ್ರ ಏನಿಲ್ಲ. ಒಂದು ಬಿಳಿ ಬಟ್ಟೆ. ಅದಕ್ಕೊಂದು ಕೋಲು, ಕೋಲಿಗೊಂದು ಹಗ್ಗ. ತರಗೆಲೆಯ ಮೇಲೆ ಅದನ್ನು ಮೆಲ್ಲಗೆ ಎಳೆದುಕೊಂಡು ಹೋಗುತ್ತಾರೆ. ಪ್ರಾಣಿಯೇ ಹಾದುಹೋಯಿತು ಅಂದುಕೊಂಡು ಉಣುಗು ಬಟ್ಟೆಗೆ ಹತ್ತುತ್ತದೆ. ಕೆಲವು ಹೆಜ್ಜೆಗೊಮ್ಮೆ ನಿಂತು, ಬಟ್ಟೆ ಮಗುಚಿ, ಚಿಮಟದಿಂದ ಒಂದೊಂದನ್ನೇ ಹೆಕ್ಕಿ ಸಣ್ಣ ಕೊಳವೆಗೆ ಹಾಕಿ ಮುಚ್ಚಳ ಬಿಗಿಯುತ್ತಾರೆ. ಎಂಥ ಬಟ್ಟೆ, ಎಷ್ಟು ದೂರ ಎಳೆದಿರಿ, ಯಾವ ಹೊತ್ತಿನಲ್ಲಿ, ಯಾವ ಬೆಟ್ಟದಲ್ಲಿ: ಪೋಸ್ಟರಿನ "ವಿಧಾನ" ಅನ್ನುವ ಭಾಗದಲ್ಲಿ ಇರಬೇಕಾದದ್ದು ಇಂಥ ಮಾತು. "ಪ್ರಮಾಣಿತ ವಿಧಾನವನ್ನು ಅನುಸರಿಸಲಾಯಿತು" ಅಂತ ಬರೆದರೆ ಫೋನಿನ ಆಚೆ ಇರುವ ಚಿಕ್ಕಪ್ಪ "ಹಾಂ?" ಅಂದೇ ಅನ್ನುತ್ತಾರೆ. ತೀರ್ಪುಗಾರರೂ ಮನಸ್ಸಿನಲ್ಲಿ ಅದನ್ನೇ ಅನ್ನುತ್ತಾರೆ, ಬಾಯಿ ಬಿಟ್ಟು ಹೇಳುವುದಿಲ್ಲ ಅಷ್ಟೇ.

ಒಂದು ಪ್ರಶ್ನೆ, ಅದನ್ನು ಜನರ ದಿನದ ಕೆಲಸದ ಒಳಗಿನಿಂದ ಕೇಳುವುದು. ಇಲ್ಲಿಯವರೆಗೆ ಇಷ್ಟಾಯಿತು. ಈಗ ಅಂಕಿ ಅಂಶಕ್ಕೆ ಬರೋಣ.

ಪೋಸ್ಟರಿನ ನಡುಭಾಗ ತುಂಬ ಕೋಷ್ಟಕ ಹಾಕುವುದು ನಮ್ಮ ಮಕ್ಕಳ ಚಾಳಿ. ಬಾಯಲ್ಲಿ ಕೋಷ್ಟಕ ಓದಲು ಆಗುವುದಿಲ್ಲ. ಹಾಗಿದ್ದರೆ ಏನು ಮಾಡಬೇಕು? ಒಂದು ನಿಜವಾದ ಉದಾಹರಣೆ ಕೊಡುತ್ತೇನೆ. ಮಂಗನ ಕಾಯಿಲೆಗೆ ನಮ್ಮಲ್ಲಿ ಬಹಳ ವರ್ಷ ಒಂದು ಲಸಿಕೆ ಇತ್ತು. ನಮ್ಮ ಆರೋಗ್ಯ ಇಲಾಖೆಯ ಡಾ. ಗುಡದಪ್ಪ ಕಸಬಿ ಮತ್ತು ಸಂಗಡಿಗರು 2005ರಿಂದ 2010ರವರೆಗಿನ ಲೆಕ್ಕ ತೆಗೆದು, ಅದು ಎಷ್ಟು ಕೆಲಸ ಮಾಡಿತು ಅಂತ 2013ರಲ್ಲಿ ಪ್ರಕಟಿಸಿದರು. ಎರಡು ಡೋಸ್ ಪಡೆದವರಿಗೆ ನೂರಕ್ಕೆ ಸುಮಾರು 60ರಷ್ಟು ರಕ್ಷಣೆ. ಆಮೇಲೆ ಬೂಸ್ಟರ್ ಕೂಡ ಹಾಕಿಸಿಕೊಂಡವರಿಗೆ 80ಕ್ಕಿಂತ ತುಸು ಹೆಚ್ಚು. ಇಷ್ಟನ್ನೇ ಬರೆದರೂ ಸಾಲದು. ರಕ್ಷಣೆ 60 ಅಂದರೆ ಏನು? ಬಾಯಲ್ಲಿ ಹೀಗೆ ಹೇಳಬೇಕು: ಲಸಿಕೆ ಇಲ್ಲದ ಹಳ್ಳಿಯಲ್ಲಿ ನೂರು ಜನ ಕಾಯಿಲೆ ಬೀಳುವ ಕಡೆ, ಎಲ್ಲರೂ ಎರಡು ಡೋಸ್ ಪಡೆದಿದ್ದರೆ ನಲವತ್ತು ಜನ ಬೀಳುತ್ತಿದ್ದರು. ಬೂಸ್ಟರೂ ಆಗಿದ್ದರೆ ಇಪ್ಪತ್ತರ ಒಳಗೆ. ಈಗ ಅದು ಮನೆಯವರ ಕಿವಿಗೆ ತಾಗುತ್ತದೆ. ಲಸಿಕೆ ಹಾಕಿಸಿಕೊಂಡವನೂ ಮಲಗಬಹುದು ಅನ್ನುವುದೂ ಅದರಲ್ಲೇ ಸೇರಿತು. ಆ ಲಸಿಕೆ 2022ರಲ್ಲಿ ನಿಂತಿತು. ಹೊಸದರ ತಯಾರಿ ನಡೆದಿದೆ. ಅಲ್ಲಿಯವರೆಗೆ ಎಣ್ಣೆ, ಮೈತುಂಬ ಬಟ್ಟೆ, ಕಾಡಿನಿಂದ ಬಂದೊಡನೆ ಬಿಸಿನೀರಿನ ಸ್ನಾನ, ಮಂಗ ಸತ್ತರೆ ಕೂಡಲೇ ತಿಳಿಸುವುದು.

ಮತ್ತೆ ಪೋಸ್ಟರಿಗೆ ಬರೋಣ. ಅಮೆರಿಕದಲ್ಲಿ ಪಿಎಚ್.ಡಿ. ಓದುತ್ತಿದ್ದ ಮೈಕ್ ಮಾರಿಸನ್ ಎಂಬಾತ 2019ರಲ್ಲಿ ಒಂದು ಸಲಹೆ ಕೊಟ್ಟು ಗದ್ದಲ ಎಬ್ಬಿಸಿದ. ಪೋಸ್ಟರಿನ ನಟ್ಟನಡುವೆ ಒಂದೇ ವಾಕ್ಯ ಇರಲಿ, ದೊಡ್ಡ ಅಕ್ಷರದಲ್ಲಿ, ಸಾಮಾನ್ಯ ಭಾಷೆಯಲ್ಲಿ. ಉಳಿದದ್ದೆಲ್ಲ ಬದಿಗೆ ಸರಿಯಲಿ ಅಂದ. ಕೆಲವರು ಹಾಡಿ ಹೊಗಳಿದರು, ಕೆಲವರು ಇದು ಜಾಹೀರಾತು ಅಂದರು. ನಾನು ಮಾರಿಸನ್ ಕಡೆ. ಆ ಒಂದು ವಾಕ್ಯ ಬರೆಯಲು ಬಾರದಿದ್ದರೆ, ಸಿಕ್ಕಿದ್ದೇನು ಅಂತ ಬರೆದವರಿಗೇ ಗೊತ್ತಿಲ್ಲ ಅಂತ ಅರ್ಥ.

ಪ್ರಶ್ನೆ ಆಯಿತು, ಕೇಳುವ ಬಗೆ ಆಯಿತು, ಅಂಕಿಯನ್ನು ಮಾತು ಮಾಡುವುದಾಯಿತು. ಇನ್ನು "ಇದರಿಂದಲೇ ಇದು" ಅಂತ ಬರೆಯುವ ಆತುರ. ಇದಕ್ಕೂ ಸಾಗರ ತಾಲೂಕಿನಲ್ಲೇ ಪಾಠ ಇದೆ. ಹಂದಿಗೋಡು.

1970ರ ದಶಕದ ನಡುವಿನಲ್ಲಿ ಹಂದಿಗೋಡಿನ ಕೂಲಿ ಕುಟುಂಬಗಳಲ್ಲಿ, ಬಹುಪಾಲು ದಲಿತ ಮನೆಗಳಲ್ಲಿ, ಸೊಂಟ, ಮಂಡಿ ಹಿಡಿದುಕೊಂಡು ನಡೆಯಲಾಗದ ಕಾಯಿಲೆ ಕಂಡಿತು. ಕೆಲವರು ಕುಳ್ಳಗೆ ಉಳಿದರು. ಸಂಶೋಧಕರು ಬಂದರು. ಗದ್ದೆಗೆ ಆಗತಾನೆ ಕೀಟನಾಶಕ ಬಂದಿತ್ತು. ಈ ಬಡವರು ಗದ್ದೆಯ ಏಡಿ ಹಿಡಿದು ತಿನ್ನುತ್ತಿದ್ದರು. ವಿಷ ಏಡಿಯ ಮೂಲಕ ಮೈ ಸೇರಿರಬಹುದೇ ಅನ್ನುವ ಅನುಮಾನ ಎದ್ದಿತು. ಅನುಮಾನ ನ್ಯಾಯವಾದದ್ದೇ. ಆದರೆ ಊರ ಬಾಯಲ್ಲಿ ಅನುಮಾನಕ್ಕೂ ತೀರ್ಮಾನಕ್ಕೂ ಅಂತರ ಉಳಿಯುವುದಿಲ್ಲ. ಮುಂದೆ, 1990ರ ದಶಕದಲ್ಲಿ, ಎಲುಬಿನ ಎಕ್ಸ್‌ರೇಗಳನ್ನೂ ವಂಶಾವಳಿಗಳನ್ನೂ ಇಟ್ಟು ನೋಡಿದವರು ಇದು ತಂದೆಯಿಂದಲೋ ತಾಯಿಯಿಂದಲೋ ಮಕ್ಕಳಿಗೆ ಇಳಿಯುವ ಮೂಳೆಯ ಕಾಯಿಲೆ ಅಂದರು.

ಹುಡುಗರೇ, ನಿಮ್ಮ ಪೋಸ್ಟರಿನಲ್ಲಿ ಎರಡು ಸಂಗತಿ ಒಟ್ಟಿಗೆ ಕಂಡರೆ "ಒಟ್ಟಿಗೆ ಕಂಡವು" ಅಂತಲೇ ಬರೆಯಿರಿ. ಹಾಗೆ ಬರೆದದ್ದಕ್ಕೆ ಯಾರೂ ಅಂಕ ಕಳೆಯುವುದಿಲ್ಲ. ಹಂದಿಗೋಡಿನಂಥ ಕಡೆ ಇನ್ನೊಂದು ಮಾತೂ ಉಂಟು. ದಶಕಗಟ್ಟಲೆ ರಕ್ತ ಕೊಟ್ಟು, ಎಕ್ಸ್‌ರೇಗೆ ಮೈಕೊಟ್ಟ ಜನ ಅವರು. ಅಂಥವರ ಕುಂಟುವ ಕಾಲಿನ ಫೋಟೋ ಒಪ್ಪಿಗೆಯಿಲ್ಲದೆ ಬೋರ್ಡಿಗೆ ಏರಬಾರದು. ಒಪ್ಪಿಗೆ ಅಂದರೆ ಹೆಬ್ಬೆಟ್ಟು ಒತ್ತಿಸಿಕೊಂಡ ಕಾಗದ ಅಷ್ಟೇ ಅಲ್ಲ. ಏನು ಬರೆಯುತ್ತೇವೆ, ಎಲ್ಲಿ ತೂಗುಹಾಕುತ್ತೇವೆ ಅಂತ ಮೊದಲೇ ಹೇಳಿ ಪಡೆದದ್ದು.

ಇಲ್ಲೇ ಒಂದು ಅಡ್ಡ ಮಾತು. ದಂತವೈದ್ಯ ಓದುವ ನಮ್ಮ ಕಡೆಯ ಮಕ್ಕಳಿಗೆ ಬೇರೊಂದು ಪೇಚು ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರ ವರದಿಯಲ್ಲಿ ಅಡಿಕೆಯನ್ನು ಕ್ಯಾನ್ಸರ್ ತರುವ ಪದಾರ್ಥಗಳ ಪಟ್ಟಿಗೆ ಸೇರಿಸಿತು. ಅಡಿಕೆ ಮಾರಿದ ದುಡ್ಡಿನಲ್ಲಿ ಫೀಸು ಕಟ್ಟಿದ ಹುಡುಗ ಬಾಯಿ ಕ್ಯಾನ್ಸರಿನ ಪೋಸ್ಟರ್ ಮುಂದೆ ನಿಂತಿದ್ದಾನೆ. ಅಪ್ಪನಿಗೆ ಫೋನಿನಲ್ಲಿ ಅದನ್ನು ಹೇಗೆ ಹೇಳಬೇಕು? ಸುಲಭದ ದಾರಿ ನನಗೂ ಕಾಣದು. ಆದರೆ ಅಪ್ಪನಿಗೆ ಹೇಳಲು ಹೆದರಿ ಬರೆದ ಪೋಸ್ಟರಿನಲ್ಲಿ ಮಾತು ತಡವರಿಸುತ್ತದೆ. ಅದು ಹಾಲಿನಲ್ಲಿ ನಿಂತವರಿಗೂ ಗೊತ್ತಾಗುತ್ತದೆ.

ಆತುರದ ತೀರ್ಮಾನ ಬೇಡ ಅಂದೆ. ಉಳಿದದ್ದು ಮುದ್ರಣ ಮತ್ತು ನಿಲ್ಲುವುದು. ಇವನ್ನು ಬೇಗ ಮುಗಿಸುತ್ತೇನೆ.

ಮುದ್ರಣ ಆಗುವುದು ಫ್ಲೆಕ್ಸ್ ಅಂಗಡಿಯಲ್ಲಿ. ಗಣಪತಿ ಪೆಂಡಾಲಿನ ಬ್ಯಾನರು, ಹುಟ್ಟುಹಬ್ಬದ ಶುಭಾಶಯ, ಅವುಗಳ ಸಾಲಿನಲ್ಲೇ ನಿಮ್ಮ ಸಂಶೋಧನೆಯೂ. ಕನ್ನಡ ಸಾಲು ಸೇರಿಸಿದ್ದರೆ ಫೈಲನ್ನು ಪಿಡಿಎಫ್ ಮಾಡಿಯೇ ಕೊಡಿ. ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ್ದು ಅವರ ಕಂಪ್ಯೂಟರಿನಲ್ಲಿ ತೆರೆದಾಗ ಒತ್ತಕ್ಷರ ಒಂದು ಕಡೆ, ಅಕ್ಷರ ಇನ್ನೊಂದು ಕಡೆ ಕೂರುತ್ತದೆ. ಹಿಂದಿನ ರಾತ್ರಿ ಹೋದರೆ ತಿದ್ದಲು ಹೊತ್ತಿರುವುದಿಲ್ಲ. ಕನ್ನಡ ಸಾಲು ಇರಲೇಬೇಕು ಅನ್ನುವುದು ನನ್ನ ಹಟ. ವಿಶ್ವವಿದ್ಯಾಲಯ ಇಂಗ್ಲಿಷ್ ಕೇಳಿದರೆ ಕೊಡಿ. ತಳದಲ್ಲಿ ನಾಲ್ಕು ಸಾಲು ಕನ್ನಡದಲ್ಲಿ ಇರಲಿ. ಯಾರ ಮನೆಯ ಜಗಲಿಯ ಮೇಲೆ ಕೂತು ಕೇಳಿ ಬರೆದುಕೊಂಡಿರೋ ಅವರು ಓದುವಂತೆ.

ನಿಲ್ಲುವಾಗ ಪೋಸ್ಟರಿಗೆ ಬೆನ್ನು ಕೊಟ್ಟು ಮರೆ ಮಾಡಬೇಡಿ. ಹಾಳೆ ನೋಡಿಕೊಂಡು ಓದಬೇಡಿ. ಓದಲು ತೀರ್ಪುಗಾರರಿಗೂ ಬರುತ್ತದೆ. ಅವರು "ಎಷ್ಟು ಜನರನ್ನು ಮಾತಾಡಿಸಿದೆ? ಇನ್ನಷ್ಟು ಜನರನ್ನು ಯಾಕೆ ಮಾತಾಡಿಸಲಿಲ್ಲ?" ಅಂತ ಕೇಳಿಯೇ ಕೇಳುತ್ತಾರೆ. "ಮಳೆ ಶುರುವಾಯಿತು ಸರ್, ಹೊಸನಗರದ ಆ ಕಡೆಯ ಊರುಗಳಿಗೆ ಬಸ್ಸು ನಿಂತಿತು" ಅನ್ನುವುದು ಒಪ್ಪುವ ಉತ್ತರ. ಇದ್ದದ್ದನ್ನು ಹೇಳಿ. ಬಹುಮಾನ ಬಾರದಿದ್ದರೆ ಬೇಸರ ಆಗುತ್ತದೆ, ಆಗಲಿ. ಆ ಸಂಜೆ ಒಂದು ಐಸ್ ಕ್ರೀಮ್ ತಿಂದು ಮಲಗಿ.

ಸಮಾರಂಭ ಮುಗಿದ ಮೇಲೆ ಆ ಫ್ಲೆಕ್ಸ್ ಏನಾಗುತ್ತದೆ? ಹಾಸ್ಟೆಲ್ ಮಂಚದ ಅಡಿ ಸೇರುತ್ತದೆ. ಊರಿಗೆ ಬಂದರೆ ಸೌದೆ ರಾಶಿಗೋ ಕೊಟ್ಟಿಗೆ ಮಾಡಿಗೋ ಹೊದಿಕೆಯಾಗುತ್ತದೆ. ಮಲೆನಾಡಿನ ಮಳೆಗೆ ಅದೂ ಬೇಕು, ತಪ್ಪೇನಿಲ್ಲ. ಆದರೆ ಅದಕ್ಕೆ ಮೊದಲು ಒಂದು ಕೆಲಸ ಮಾಡಿ. ಮಂಗನ ಕಾಯಿಲೆಯ ಪೋಸ್ಟರ್ ಆಗಿದ್ದರೆ, ನೀವು ಅಧ್ಯಯನ ಮಾಡಿದ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಅದನ್ನು ಒಯ್ಯಿರಿ. ವೈದ್ಯಾಧಿಕಾರಿಯನ್ನು ಕೇಳಿ ಒಂದು ಮಧ್ಯಾಹ್ನ ಹೊರಗಿನ ಬೆಂಚಿನ ಹತ್ತಿರ ಕಟ್ಟಿ. ಆಶಾ ಅಕ್ಕಂದಿರನ್ನು ಕರೆಯಿರಿ. ನಿಮ್ಮ ಮೂರು ನಿಮಿಷದ ಮಾತನ್ನು ಅವರ ಮುಂದೆ ಕನ್ನಡದಲ್ಲಿ ಹೇಳಿ. ಎಣ್ಣೆ ಯಾಕೆ ಹಚ್ಚಲಿಲ್ಲ ಅಂತ ಜನ ಕೊಟ್ಟ ಕಾರಣಗಳನ್ನು ಒಂದೊಂದಾಗಿ ಓದಿ. ಸರಿಯೋ ತಪ್ಪೋ ಅವರು ಹೇಳುತ್ತಾರೆ, ಮುಲಾಜಿಲ್ಲದೆ ಹೇಳುತ್ತಾರೆ. ಇದನ್ನು ಅಕ್ಟೋಬರ್ ಕೊನೆಗೋ ನವೆಂಬರ್ ಮೊದಲ ವಾರಕ್ಕೋ ಇಟ್ಟುಕೊಳ್ಳಿ. ಡಿಸೆಂಬರಿಗೆ ದೂಡಿದರೆ ಜನ ಆಗಲೇ ದರಗು ಗುಡಿಸಲು ಬೆಟ್ಟ ಹತ್ತಿರುತ್ತಾರೆ.